ಕೋಪವು ಹಂಡೆಯೊಳಗಿನ ಉಗಿಯೇ?

ಉಡುಪಿ ಜಿಲ್ಲೆಯ ಉತ್ತರಭಾಗದಲ್ಲಿ, ಇಂದು ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಮೂರು ತಾಲೂಕುಗಳಾಗಿ ಹಂಚಿಹೋಗಿರುವ ಕರಾವಳಿಯಲ್ಲಿ, ಮಳೆಗಾಲ ಮುಗಿದು ಗದ್ದೆಗಳು ಒಣಗಿದ ಮೇಲೆ ಬಯಲಾಟದ ಕಾಲ ಆರಂಭವಾಗುತ್ತದೆ. ಮಂದರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ ಮೊದಲಾದ ಕಡೆಗಳ ಮೇಳಗಳು ನವೆಂಬರಿನಿಂದ ಮೇ ತಿಂಗಳಿನವರೆಗೆ ಊರೂರು ತಿರುಗುತ್ತವೆ. ಅವು ಆಡುವ ಪ್ರಸಂಗಗಳಲ್ಲಿ ‘ಕೀಚಕ ವಧೆ’ಯೂ ಒಂದು. ವಿರಾಟನ ಓಲಗದಲ್ಲಿ, ತುಂಬಿದ ಸಭೆಯೆದುರು, ಕೀಚಕನು ದ್ರೌಪದಿಯನ್ನು ಒದೆಯುತ್ತಾನೆ. ಬಾಣಸಿಗನ ವೇಷದಲ್ಲಿರುವ ಭೀಮನು ಅದನ್ನು ಕಣ್ಣಾರೆ ಕಾಣುತ್ತಾನೆ. ಅಜ್ಞಾತವಾಸದ ಅವಧಿ ಇನ್ನೂ ಕಳೆದಿಲ್ಲ; ಈಗ ಗುರುತು ಬಯಲಾದರೆ ಮತ್ತೆ ಹನ್ನೆರಡು ವರ್ಷ ಕಾಡು. ಧರ್ಮರಾಯನು ತಡೆಯುತ್ತಾನೆ. ಭೀಮನು ನಿಲ್ಲುತ್ತಾನೆ, ಆದರೆ ಆರುವುದಿಲ್ಲ. ಆಮೇಲೆ ಬರುವ ಕಾಳಗದ ಸದ್ದಿಗಿಂತ, ಅವನು ನಿಂತಲ್ಲೇ ನಿಂತು ನಡುಗುವ ಆ ಅರೆನಿಮಿಷವೇ ನೋಡುವವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಭೀಮನ ಪಾತ್ರ ವಹಿಸಿದ ಕಲಾವಿದನು ರಂಗದಿಂದ ಚೌಕಿಗೆ ಹಿಂತಿರುಗಿ ಕಿರೀಟ ಇಳಿಸುವಾಗ ಅವನ ನಾಡಿಯನ್ನು ಹಿಡಿದು ನೋಡಿದರೆ ಅದು ಇನ್ನೂ ವೇಗವಾಗಿಯೇ ಬಡಿಯುತ್ತಿರುತ್ತದೆ. ಮೈ ಬೆವರಿನಿಂದ ತೊಯ್ದಿರುತ್ತದೆ, ಉಸಿರು ತಹಬಂದಿಗೆ ಬಂದಿರುವುದಿಲ್ಲ. ವೈದ್ಯನ ಉಪಕರಣಕ್ಕೆ ತೋರುವ ಮಟ್ಟಿಗೆ ಹೇಳುವುದಾದರೆ ಇವೆಲ್ಲವೂ ಕೋಪದ ಲಕ್ಷಣಗಳೇ. ಆದರೆ ಆತನು ಪಕ್ಕದಲ್ಲೇ ಕುಳಿತಿರುವ ಕೀಚಕ ವೇಷಧಾರಿಯೊಡನೆ ಚಹಾ ಹಂಚಿಕೊಂಡು ನಾಳೆಯ ಆಟ ಯಾವ ಊರಿನಲ್ಲೆಂದು ವಿಚಾರಿಸುತ್ತಿರುತ್ತಾನೆ. ಹಾಗಾದರೆ ಕೋಪವೆಂಬುದು ದೇಹದಲ್ಲಿ ಇದೆಯೋ, ಮನಸ್ಸಿನಲ್ಲಿ ಇದೆಯೋ? ಅದು ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತದೆ? ಶಾಖ, ವಿದ್ಯುತ್ತು, ಬೆಳಕುಗಳನ್ನು ಕುರಿತು ಕೇಳುವಂತೆಯೇ ಕೋಪವನ್ನು ಕುರಿತೂ ಈ ಪ್ರಶ್ನೆಯನ್ನು ಕೇಳಬಹುದು. ಕಳೆದ ನೂರೈವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕೇಳಿಯೂ ಇದ್ದಾರೆ.

ಲಕ್ಷಣಗಳ ಪಟ್ಟಿಯನ್ನು ಮಾಡುವ ಕೆಲಸ ಅದಕ್ಕಿಂತ ಬಹು ಹಿಂದೆಯೇ ಆಗಿತ್ತು. ಭರತನ ನಾಟ್ಯಶಾಸ್ತ್ರವು ರೌದ್ರರಸಕ್ಕೆ ಕ್ರೋಧವೇ ಸ್ಥಾಯಿಭಾವವೆಂದು ಹೇಳಿ, ಕೆಂಗಣ್ಣು, ಗಂಟಿಕ್ಕಿದ ಹುಬ್ಬು, ಕಚ್ಚಿದ ತುಟಿ ಮೊದಲಾದವನ್ನು ಅದರ ಅನುಭಾವಗಳೆಂದು ಎಣಿಸುತ್ತದೆ. ರೌದ್ರದ ಬಣ್ಣ ಕೆಂಪೆಂಬುದೂ ಅಲ್ಲಿಯದೇ. 1872ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶನವನ್ನು ಕುರಿತು ಗ್ರಂಥ ಬರೆದಾಗ ಅವನ ಪಟ್ಟಿಯೂ ಬಹುಮಟ್ಟಿಗೆ ಇದೇ ಆಗಿತ್ತು. ಆದರೆ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟನು: ಹಲ್ಲು ಕಡಿಯುವುದು, ಮುಷ್ಟಿ ಬಿಗಿಯುವುದು ಇವು ಅಲಂಕಾರಗಳಲ್ಲ, ಹೋರಾಟಕ್ಕೆ ಮಾಡಿಕೊಂಡ ಸಿದ್ಧತೆಯ ಅವಶೇಷಗಳು ಎಂದು ವಾದಿಸಿದನು.

ಈ ಸಿದ್ಧತೆ ಚರ್ಮದ ಒಳಗೆ ಹೇಗೆ ನಡೆಯುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್. ಅವನ ಪ್ರಯೋಗದ ಸರಳತೆ ಮೆಚ್ಚತಕ್ಕದ್ದು. ಕರುಳಿನ ಸ್ನಾಯುವಿನ ಒಂದು ಸಣ್ಣ ಪಟ್ಟಿಯನ್ನು ತಕ್ಕ ದ್ರವದಲ್ಲಿ ತೂಗಬಿಟ್ಟರೆ ಅದು ತನ್ನಷ್ಟಕ್ಕೆ ತಾಳಬದ್ಧವಾಗಿ ಸಂಕುಚಿಸಿ ಸಡಿಲಗೊಳ್ಳುತ್ತಿರುತ್ತದೆ. ನೆಮ್ಮದಿಯಾಗಿರುವ ಬೆಕ್ಕಿನ ರಕ್ತವನ್ನು ಅದಕ್ಕೆ ಸೋಕಿಸಿದರೆ ತಾಳ ಕೆಡುವುದಿಲ್ಲ. ಅದೇ ಬೆಕ್ಕಿನ ಎದುರಿನಲ್ಲಿ ನಾಯಿಯೊಂದನ್ನು ಬೊಗಳಿಸಿ, ಬೆಕ್ಕು ಕೆರಳಿ ರೋಮ ನಿಮಿರಿಸಿದ ಮೇಲೆ ಅದರ ರಕ್ತವನ್ನು ತೆಗೆದು ಸೋಕಿಸಿದರೆ ಸ್ನಾಯು ಸಡಿಲಾಗಿ ತನ್ನ ಕುಣಿತವನ್ನೇ ನಿಲ್ಲಿಸಿಬಿಡುತ್ತದೆ! ಕೆರಳಿದ ಪ್ರಾಣಿಯ ರಕ್ತಕ್ಕೆ ಹೊಸ ವಸ್ತುವೊಂದು ಸೇರಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಆ ವಸ್ತುವೇ ಅಡ್ರಿನಲಿನ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಇದನ್ನು ನೇರವಾಗಿ ರಕ್ತಕ್ಕೆ ಸುರಿಸುತ್ತವೆ. ಜಪಾನಿನ ಜೊಕಿಚಿ ತಕಮೀನೆ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಶುದ್ಧ ಹರಳುಗಳ ರೂಪದಲ್ಲಿ ಬೇರ್ಪಡಿಸಿ 1901ರಲ್ಲಿ ಪ್ರಕಟಿಸಿದ್ದನು.

ಅಡ್ರಿನಲಿನ್ ಮಾಡುವ ಕೆಲಸಗಳನ್ನು ನೋಡಿದರೆ ಯುದ್ಧಕಾಲದ ಸರ್ಕಾರದ ನೆನಪಾಗುತ್ತದೆ. ಹೃದಯದ ಬಡಿತ ಬಿರುಸಾಗುತ್ತದೆ. ಜಠರ ಮತ್ತು ಕರುಳುಗಳಿಗೆ ಹೋಗುವ ರಕ್ತವನ್ನು ಕಡಿತಗೊಳಿಸಿ ತೋಳು ತೊಡೆಗಳ ಸ್ನಾಯುಗಳಿಗೆ ತಿರುಗಿಸಲಾಗುತ್ತದೆ. ಪಿತ್ತಕೋಶವನ್ನು ಹೊತ್ತಿರುವ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಗಾಯವಾದೀತೆಂಬ ಮುಂಜಾಗ್ರತೆಯಿಂದಲೋ ಎಂಬಂತೆ ರಕ್ತ ಬೇಗನೆ ಹೆಪ್ಪುಗಟ್ಟುವ ಗುಣವನ್ನೂ ಪಡೆಯುತ್ತದೆ. ಕ್ಯಾನನ್ನನ ತಂಡವು ಫುಟ್‌ಬಾಲ್ ಪಂದ್ಯವಾದ ಮೇಲೆ ಆಟಗಾರರ ಮೂತ್ರವನ್ನು ಪರೀಕ್ಷಿಸಿದಾಗ, ಆಟಕ್ಕೆ ಇಳಿಯದೆ ಬದಿಯಲ್ಲಿ ಕುಳಿತು ನೋಡುತ್ತಿದ್ದ ಕೆಲವರ ಮೂತ್ರದಲ್ಲಿಯೂ ಸಕ್ಕರೆ ಕಂಡುಬಂದಿತು. ಓಡದವನ ದೇಹವೂ ಓಟಕ್ಕೆ ಇಂಧನ ಸುರಿದಿತ್ತು. ಈ ಪ್ರಯೋಗಗಳನ್ನೆಲ್ಲ ಅವನು 1915ರಲ್ಲಿ ಒಂದು ಪುಸ್ತಕವಾಗಿ ತಂದನು.

‘ರಕ್ತ ಕುದಿಯಿತು’ ಎಂದು ನಾವು ಹೇಳುತ್ತೇವೆ. ಭೌತಶಾಸ್ತ್ರ ಕಲಿಸುವವನಿಗೆ ಇಂತಹ ಮಾತನ್ನು ಕೇಳಿದೊಡನೆ ಉಷ್ಣಮಾಪಕದ ನೆನಪು ಬರುವುದು ಸಹಜ. ರಕ್ತವೇನೂ ಕುದಿಯುವುದಿಲ್ಲ. ಆದರೆ 1983ರಲ್ಲಿ ಎಕ್‌ಮನ್, ಲೆವೆನ್‌ಸನ್, ಫ್ರೀಸನ್ ಎಂಬವರು ಅಳೆದು ನೋಡಿದಾಗ ಕೋಪದಲ್ಲಿ ಬೆರಳ ತುದಿಯ ಉಷ್ಣತೆ ಏರುವುದೆಂದೂ, ಭಯದಲ್ಲಿ ಹಾಗೆ ಏರುವುದಿಲ್ಲವೆಂದೂ ಕಂಡಿತು. ಎರಡರಲ್ಲಿಯೂ ಹೃದಯದ ವೇಗ ಒಂದೇ ರೀತಿ ಹೆಚ್ಚುತ್ತದೆ. ಕೈ ಮಾತ್ರ ಒಂದರಲ್ಲಿ ಬಿಸಿ, ಇನ್ನೊಂದರಲ್ಲಿ ತಂಪು. ಆಡುಮಾತಿನಲ್ಲಿ ಇಷ್ಟರಮಟ್ಟಿನ ಸತ್ಯವಂತೂ ಉಂಟು.

ಈ ಏರ್ಪಾಡಿಗೆ ಅಪ್ಪಣೆ ಬರುವುದು ಮಿದುಳಿನ ತಳಭಾಗದಿಂದ. 1928ರಲ್ಲಿ ಫಿಲಿಪ್ ಬಾರ್ಡ್ ಎಂಬವನು, ಮಿದುಳಿನ ಹೊರಪದರವನ್ನು ತೆಗೆದುಹಾಕಿದ ಬೆಕ್ಕುಗಳೂ ಹೈಪೊಥಲಾಮಸ್ ಎಂಬ ಚಿಕ್ಕ ಭಾಗ ಉಳಿದಿದ್ದರೆ ಸಾಕು, ಸಣ್ಣ ಸ್ಪರ್ಶಕ್ಕೂ ಬೆನ್ನು ಬಾಗಿಸಿ ಪಂಜ ಬೀಸುತ್ತವೆಂದು ತೋರಿಸಿದನು. ಇದಕ್ಕೆ ‘ಹುಸಿಕೋಪ’ ಎಂದು ಹೆಸರು. ಏಕೆಂದರೆ ಆ ಕೋಪ ಯಾರನ್ನೂ ಗುರಿಯಾಗಿಟ್ಟುಕೊಂಡಿರಲಿಲ್ಲ, ಪ್ರಚೋದನೆ ನಿಂತ ಕ್ಷಣವೇ ಅದೂ ನಿಲ್ಲುತ್ತಿತ್ತು. ಹೈಪೊಥಲಾಮಸಿಗೆ ಸಮೀಪದಲ್ಲಿ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಇನ್ನೊಂದು ಭಾಗವಿದೆ. ಇದು ಅಪಾಯದ ಸುಳಿವನ್ನು ಹಿಡಿಯುವ ಕಾವಲುಗಾರ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ವಿಚಾರ ಮಾಡಿ ಈ ಕೆಳಗಿನವರನ್ನು ಹಿಡಿತದಲ್ಲಿಡುತ್ತದೆ. ಈ ಮುಂಭಾಗ ಪೂರ್ತಿಯಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ತಮ್ಮ ಸಮರ್ಥನೆಗೆ ಬಳಸಿಕೊಳ್ಳಬಾರದೆಂದು ವಿನಂತಿ!

ಇನ್ನು ಚೌಕಿಯ ಭೀಮನ ವಿಷಯ. ಅವನ ದೇಹದಲ್ಲಿ ಕೋಪದ ಸಾಮಗ್ರಿಯೆಲ್ಲ ಇದ್ದರೂ ಕೋಪವಿಲ್ಲ, ಏಕೆ? 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿಗಳಿಗೆ ಜೀವಸತ್ವವೆಂದು ಹೇಳಿ ಅಡ್ರಿನಲಿನ್ ಚುಚ್ಚಿದರು. ಎದೆ ಬಡಿದುಕೊಳ್ಳುತ್ತದೆಂದು ಮೊದಲೇ ತಿಳಿಸಲ್ಪಟ್ಟವರು ಸುಮ್ಮನಿದ್ದರು. ತಿಳಿಸಲ್ಪಡದಿದ್ದವರು, ಅದೇ ಕೊಠಡಿಯಲ್ಲಿ ಕೋಪವನ್ನು ನಟಿಸುತ್ತಿದ್ದ ಒಬ್ಬನನ್ನು ಕಂಡು ತಾವೂ ಸಿಡುಕಾದರು. ಹರ್ಷವನ್ನು ನಟಿಸುತ್ತಿದ್ದವನ ಜೊತೆಗಿದ್ದವರು ಉಲ್ಲಸಿತರಾದರು. ದೇಹದ ಕ್ಷೋಭೆಗೆ ಮನಸ್ಸು ಸುತ್ತಮುತ್ತ ನೋಡಿ ಹೆಸರಿಡುತ್ತದೆ ಎಂಬುದು ಅವರ ಸಿದ್ಧಾಂತ. ಈ ಪ್ರಯೋಗವನ್ನು ಅನಂತರ ಪುನರಾವರ್ತಿಸಿದವರಿಗೆ ಅದೇ ಫಲ ದೊರೆತಿಲ್ಲವಾದ್ದರಿಂದ ಸಿದ್ಧಾಂತವನ್ನು ಇಡಿಯಾಗಿ ಒಪ್ಪುವಂತಿಲ್ಲ. ಆದರೆ ಅರ್ಥ ಕೊಡುವುದು ಮನಸ್ಸಿನ ಕೆಲಸವೆಂಬ ಅಂಶ ಮಾತ್ರ ನಿಂತಿದೆ. ಇದಕ್ಕೆ ಪ್ರಯೋಗಶಾಲೆಯೇ ಬೇಕಿಲ್ಲ. ಕುಂದಾಪುರದ ಆಡುಮಾತನ್ನು ಮೊದಲ ಬಾರಿಗೆ ಕೇಳುವ ಹೊರಗಿನವರು, ಇಬ್ಬರು ಸ್ನೇಹಿತರು ‘ಹ್ವಾಯ್’ ಎಂದು ಗಟ್ಟಿಯಾಗಿ ಕರೆದು ಮಾತನಾಡುವುದನ್ನು ಜಗಳವೆಂದೇ ತಿಳಿಯುವುದುಂಟು. ಒಂದೇ ಧ್ವನಿತರಂಗ, ಒಂದು ಕಿವಿಗೆ ಸ್ನೇಹ, ಇನ್ನೊಂದಕ್ಕೆ ಬೈಗುಳ.

ಈ ಸಂದರ್ಭದಲ್ಲಿ ಡಾಲ್ಫ್ ಜಿಲ್‌ಮನ್ ಎಂಬವನು ತನ್ನ ಸಂಗಡಿಗರೊಡನೆ 1972ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಹೇಳಬೇಕು. ವ್ಯಾಯಾಮದ ಸೈಕಲ್ಲನ್ನು ತುಳಿದು ಎದೆಬಡಿತ ಇನ್ನೂ ಪೂರ್ತಿ ಇಳಿಯದಿರುವವನನ್ನು ಕೆಣಕಿದರೆ, ತುಳಿಯದವನಿಗಿಂತ ಅವನು ಹೆಚ್ಚು ಉಗ್ರವಾಗಿ ಸೇಡು ತೀರಿಸುತ್ತಾನೆ. ಹಿಂದಿನ ಕೆಲಸದಿಂದ ಉಳಿದಿದ್ದ ಕ್ಷೋಭೆಯು ಹೊಸ ಕೋಪದ ಲೆಕ್ಕಕ್ಕೆ ಜಮೆಯಾಗುತ್ತದೆ. ಗಂಗೊಳ್ಳಿಯ ಬಳಿ ಪಂಚಗಂಗಾವಳಿಯ ಅಳಿವೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆಷಾಢದ ನೆರೆಯೊಂದೇ ಬಂದರೆ ನೀರು ಸಮುದ್ರಕ್ಕೆ ಹರಿದುಹೋಗುತ್ತದೆ. ಭರತವೊಂದೇ ಬಂದರೆ ದಡದೊಳಗೇ ಏರಿ ಇಳಿಯುತ್ತದೆ. ನೆರೆಯೂ ಭರತವೂ ಒಂದೇ ಗಳಿಗೆಗೆ ಬಂದರೆ ಗದ್ದೆಯೊಳಗೆ ನೀರು. ನಿದ್ದೆಗೆಟ್ಟ ರಾತ್ರಿ, ಖಾಲಿ ಹೊಟ್ಟೆ, ತುಂಬಿದ ಬಸ್ಸಿನಲ್ಲಿ ಒಂದು ಗಂಟೆ ನಿಂತು ಬಂದ ಆಯಾಸ—ಇವುಗಳ ಮೇಲೆ ತಮ್ಮನ ಒಂದು ಸಣ್ಣ ಮಾತು ಬಿದ್ದಾಗ ಆಗುವ ಸ್ಫೋಟಕ್ಕೆ ತಮ್ಮನೊಬ್ಬನೇ ಹೊಣೆಯೆಂದು ನಾವು ತಿಳಿಯುತ್ತೇವೆ.

ಇಲ್ಲಿಯವರೆಗಿನದು ಕೋಪ ಹುಟ್ಟುವ ಬಗೆ. ಅದು ಹೋಗುವ ಬಗೆಯನ್ನು ಕುರಿತು ಜನರಲ್ಲಿ ಒಂದು ಬಲವಾದ ನಂಬಿಕೆಯಿದೆ. ಕುಚ್ಚಲಕ್ಕಿ ಮಾಡುವ ಗಿರಣಿಗಳಲ್ಲಿ ಭತ್ತ ಬೇಯಿಸುವುದಕ್ಕೆ ದೊಡ್ಡ ಉಗಿಹಂಡೆಗಳಿರುತ್ತವೆ. ಕೆಳಗೆ ಬೆಂಕಿಯುರಿಯುತ್ತಿದ್ದು ಮೇಲೆ ದಾರಿಯೆಲ್ಲ ಮುಚ್ಚಿದರೆ ಉಗಿಯ ಒತ್ತಡ ಏರುತ್ತ ಹೋಗಿ ಹಂಡೆ ಸಿಡಿಯುತ್ತದೆ. ಆದ್ದರಿಂದಲೇ ಅದಕ್ಕೆ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆಯುವ ಕವಾಟವನ್ನು ಇಟ್ಟಿರುತ್ತಾರೆ. ಮನಸ್ಸೂ ಹೀಗೆಯೇ, ಕೋಪವನ್ನು ಒಳಗಿಟ್ಟುಕೊಂಡರೆ ಸಿಡಿಯುತ್ತದೆ, ಆಗಾಗ ‘ಕಾರಿಕೊಳ್ಳಬೇಕು’ ಎಂಬುದು ಆ ನಂಬಿಕೆ. ವಿಯೆನ್ನಾದ ಬ್ರಾಯರ್ ಮತ್ತು ಫ್ರಾಯ್ಡ್ ಎಂಬ ವೈದ್ಯರು 1895ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದಕ್ಕೆ ಶಾಸ್ತ್ರದ ಮುದ್ರೆಯೂ ಬಿದ್ದಿತು. ದಿಂಬನ್ನು ಗುದ್ದಿರಿ, ಪಾತ್ರೆ ಒಡೆಯಿರಿ, ಬಯಲಿಗೆ ಹೋಗಿ ಕಿರುಚಿರಿ ಎಂಬ ಉಪದೇಶಗಳು ಇದರ ಮರಿಗಳು. ಇಂದು ಹಣ ತೆಗೆದುಕೊಂಡು ಗಾಜು ಒಡೆಯಲು ಕೋಣೆ ಬಿಟ್ಟುಕೊಡುವ ವ್ಯಾಪಾರವೂ ದೊಡ್ಡ ಪಟ್ಟಣಗಳಲ್ಲಿ ನಡೆಯುತ್ತಿದೆ.

ಉಪಮೆ ಚೆನ್ನಾಗಿದೆ, ಆದರೆ ಹಂಡೆಯೊಳಗೆ ಉಗಿ ಇದೆಯೇ ಎಂದು ನೋಡಬೇಡವೇ? ಲೆಕ್ಕ ಮಾಡಿ ನೋಡೋಣ. ರಕ್ತದಲ್ಲಿ ಅಡ್ರಿನಲಿನ್ನಿನ ಅರ್ಧಾಯು ಎರಡು ಮೂರು ನಿಮಿಷಗಳು ಮಾತ್ರ. ಮೂರು ನಿಮಿಷವೆಂದೇ ಹಿಡಿಯೋಣ. ಅಂದರೆ ಮೂರು ನಿಮಿಷಕ್ಕೆ ಅರ್ಧ, ಆರು ನಿಮಿಷಕ್ಕೆ ಕಾಲು ಭಾಗ. ಅರ್ಧ ಗಂಟೆಗೆ ಹತ್ತು ಅರ್ಧಾಯುಗಳು ಕಳೆದು ಉಳಿಯುವುದು 1024ರಲ್ಲಿ ಒಂದು ಪಾಲು. ಸಂಜೆ ಆರು ಗಂಟೆಗೆ ಜಗಳವಾಯಿತು. ರಾತ್ರಿ ಹತ್ತು ಗಂಟೆಗೆ ಇನ್ನೂ ನಿದ್ದೆಯಿಲ್ಲ, ಮೈ ಉರಿಯುತ್ತಿದೆ. ಆ ಹೊತ್ತಿಗೆ 80 ಅರ್ಧಾಯುಗಳು ಕಳೆದಿವೆ. ಎರಡನ್ನು ಎಂಬತ್ತು ಬಾರಿ ಗುಣಿಸಿದರೆ ಬರುವ ಸಂಖ್ಯೆ 1ರ ಮುಂದೆ ಇಪ್ಪತ್ತನಾಲ್ಕು ಸೊನ್ನೆಗಳಿಗಿಂತ ದೊಡ್ಡದು, ಎಂದರೆ ಅವೊಗಾಡ್ರೋ ಸಂಖ್ಯೆಯ ಸುಮಾರು ಎರಡರಷ್ಟು. ಯಾವ ಮನುಷ್ಯನ ಮೈಯಲ್ಲಿಯೂ ಇರಲಾರದಷ್ಟು, 183 ಗ್ರಾಮು ಅಡ್ರಿನಲಿನ್, ಆರು ಗಂಟೆಗೆ ಸುರಿದಿದ್ದರೂ ಹತ್ತು ಗಂಟೆಗೆ ಅದರ ಒಂದೇ ಒಂದು ಅಣು ಉಳಿದಿರುವ ಸಂಭವ ಕಡಿಮೆ! ಕಾರ್ಟಿಸಾಲ್ ಎಂಬ ಇನ್ನೊಂದು ರಸವು ಇದಕ್ಕಿಂತ ಹೆಚ್ಚು ಹೊತ್ತು, ಗಂಟೆಗಳ ಲೆಕ್ಕದಲ್ಲಿ, ಉಳಿಯುತ್ತದೆಂಬುದು ನಿಜ. ಆದರೂ ಮುಖ್ಯ ವಿಷಯ ಇಷ್ಟು: ರಾತ್ರಿ ಹತ್ತರ ಕೋಪವು ಸಂಜೆ ಆರರ ಕೋಪದ ಉಳಿಕೆಯಲ್ಲ. ಅದು ಹತ್ತು ಗಂಟೆಗೆ ಹೊಸದಾಗಿ ತಯಾರಾದದ್ದು. ಆ ಮಾತನ್ನು ಮತ್ತೆ ನೆನೆದೆವು, ಕಾವಲುಗಾರ ಮತ್ತೆ ಕೂಗಿದ, ಗ್ರಂಥಿ ಮತ್ತೆ ಸುರಿಸಿತು. ಇದು ಮುಚ್ಚಿದ ಹಂಡೆಯಲ್ಲ, ನಾವೇ ಸೌದೆ ಒಟ್ಟುತ್ತಿರುವ ಒಲೆ.

ನ್ಯಾಯಾಲಯಗಳೂ ಈ ಕಾಲಗಣನೆಯನ್ನು ಅಲಕ್ಷಿಸಿಲ್ಲ. ಹಠಾತ್ತಾದ ತೀವ್ರ ಪ್ರಚೋದನೆಯಿಂದ ಸ್ವಾಧೀನ ತಪ್ಪಿ ಮಾಡಿದ ಹತ್ಯೆಯನ್ನು ನಮ್ಮ ದಂಡಸಂಹಿತೆ ಕೊಲೆಗಿಂತ ಕಡಿಮೆಯ ಅಪರಾಧವೆಂದು ಎಣಿಸುತ್ತದೆ. 1959ರ ಪ್ರಸಿದ್ಧ ನಾನಾವತಿ ಪ್ರಕರಣದಲ್ಲಿ ಆರೋಪಿಯ ಪರ ಈ ವಾದ ಹೂಡಲ್ಪಟ್ಟಿತ್ತು. ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಅದನ್ನು ಒಪ್ಪಲಿಲ್ಲ. ಪ್ರಚೋದನೆಗೂ ಗುಂಡಿಗೂ ನಡುವೆ ಸುಮಾರು ಮೂರು ಗಂಟೆಗಳು ಕಳೆದಿದ್ದವು, ತಣ್ಣಗಾಗಲು ಅಷ್ಟು ಕಾಲ ಸಾಕೆಂಬುದು ಅದರ ಅಭಿಪ್ರಾಯ.

ಗುದ್ದಿದರೆ ಕೋಪ ಹೋಗುತ್ತದೆಯೇ ಎಂಬುದನ್ನೂ ನೇರವಾಗಿ ಪರೀಕ್ಷಿಸಲಾಗಿದೆ. ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕನು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ಮಂದಿ ಕಾಲೇಜು ವಿದ್ಯಾರ್ಥಿಗಳಿದ್ದರು. ಅವರು ಬರೆದ ಪ್ರಬಂಧವನ್ನು ಕಾಣದ ಒಬ್ಬನು ಕಟುವಾಗಿ ಹಳಿದಂತೆ ಮಾಡಿ ಅವರಿಗೆ ಕೋಪ ಬರಿಸಿದರು. ಒಂದು ಗುಂಪಿನವರು ಹಳಿದವನನ್ನೇ ನೆನೆಯುತ್ತ ಮರಳುಚೀಲದಂತಹ ಗುದ್ದುಚೀಲವನ್ನು ಗುದ್ದಿದರು. ಇನ್ನೊಂದು ಗುಂಪಿನವರು ಮೈಯ ಬಲ ಬೆಳೆಸುವುದನ್ನು ನೆನೆಯುತ್ತ ಗುದ್ದಿದರು. ಮೂರನೆಯವರು ಎರಡು ನಿಮಿಷ ಸುಮ್ಮನೆ ಕುಳಿತರು. ಆಮೇಲೆ ಅಳೆದಾಗ, ಹಳಿದವನನ್ನು ನೆನೆದು ಗುದ್ದಿದವರಲ್ಲಿಯೇ ಕೋಪ ಅತ್ಯಧಿಕವಾಗಿತ್ತು. ಸೇಡಿನ ವರ್ತನೆ ಎಲ್ಲರಿಗಿಂತ ಕಡಿಮೆ ಇದ್ದುದು ಸುಮ್ಮನೆ ಕುಳಿತವರಲ್ಲಿ. 2024ರಲ್ಲಿ ಇದೇ ಬುಶ್‌ಮನ್ನನು ಸೋಫಿ ಕ್ಯಾರ್‌ವಿಕ್ ಎಂಬವಳೊಡನೆ 154 ಅಧ್ಯಯನಗಳನ್ನೂ, ಅವುಗಳಲ್ಲಿ ಭಾಗವಹಿಸಿದ್ದ ಹತ್ತು ಸಾವಿರಕ್ಕೂ ಮಿಕ್ಕ ಜನರ ಮಾಹಿತಿಯನ್ನೂ ಒಟ್ಟುಗೂಡಿಸಿ ನೋಡಿದನು. ದೇಹದ ಕ್ಷೋಭೆಯನ್ನು ಇಳಿಸುವ ಕ್ರಮಗಳು—ನಿಧಾನ ಉಸಿರಾಟ, ಧ್ಯಾನ, ಯೋಗ, ಸ್ನಾಯುಗಳನ್ನು ಸಡಿಲಿಸುವುದು—ಕೋಪವನ್ನು ಇಳಿಸುತ್ತವೆ. ಕ್ಷೋಭೆಯನ್ನು ಏರಿಸುವ ಕ್ರಮಗಳಿಂದ ಒಟ್ಟಿನಲ್ಲಿ ಪ್ರಯೋಜನವಿಲ್ಲ. ಓಟದಿಂದ ಕೋಪ ಹೆಚ್ಚಿದ್ದೂ ಉಂಟು. ಚೆಂಡಾಟ ಮಾತ್ರ ಸ್ವಲ್ಪ ಸಹಾಯ ಮಾಡಿತ್ತು. ಬಹುಶಃ ಅದರಲ್ಲಿ ನಗುವಿಗೆ ಎಡೆಯಿರುವುದರಿಂದ. ಓಡುವುದು ಹೃದಯಕ್ಕೆ ಒಳ್ಳೆಯದು, ಓಡಬೇಕು. ಆದರೆ ಸಿಟ್ಟಿನ ಮದ್ದೆಂದು ಓಡಬೇಕಾಗಿಲ್ಲ.

‘ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯಲ್ಲಿ ಕೊತ್ತಿಯ ಗತಿಯನ್ನು ಎಲ್ಲರೂ ನೆನೆಯುತ್ತಾರೆ. ಒದ್ದವಳ ಕೋಪ ಇಳಿಯಿತೇ ಎಂದು ಯಾರೂ ಕೇಳುವುದಿಲ್ಲ. ಇಳಿಯುವುದಿಲ್ಲ. ಅದು ಒದೆಯುವ ಅಭ್ಯಾಸವಷ್ಟೇ ಆಗುತ್ತದೆ. ಮನೆಗಳಲ್ಲಿ ಆ ಕೊತ್ತಿಯ ಸ್ಥಾನದಲ್ಲಿ ಹಲವು ವೇಳೆ ಹೆಂಡತಿಯೋ ಮಗುವೋ ಇರುತ್ತದೆಂಬುದು ಎಲ್ಲರೂ ಬಲ್ಲ, ಯಾರೂ ಆಡದ ಮಾತು. ಒದ್ದವನ ಎದೆಗೂ ಇದು ಕ್ಷೇಮವಲ್ಲ. ಹೃದಯಾಘಾತವಾದವರನ್ನು ವಿಚಾರಿಸಿ 1995ರಲ್ಲಿ ಮಿಟಲ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ, ತೀವ್ರ ಕೋಪ ಬಂದ ಅನಂತರದ ಎರಡು ಗಂಟೆಗಳಲ್ಲಿ ಆಘಾತದ ಸಂಭವ ಎರಡು ಪಟ್ಟಿಗೂ ಮಿಕ್ಕಿ ಇತ್ತು.

ಕಾರಬಾರದೆಂದರೆ ನುಂಗಬೇಕೆಂದು ಅರ್ಥವಲ್ಲ. ಗ್ರಾಸ್ ಮತ್ತು ಲೆವೆನ್‌ಸನ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮನಸ್ಸಿನಲ್ಲಿ ಎದ್ದ ಭಾವವನ್ನು ಮುಖದ ಮೇಲೆ ತೋರಗೊಡದೆ ಹತ್ತಿಕ್ಕಿದವರ ಮುಖವೇನೋ ಶಾಂತವಾಗಿತ್ತು. ಒಳಗೆ ಅನುವೇದನಾ ನರವ್ಯೂಹದ ಕೆಲಸ ಮಾತ್ರ ಹೆಚ್ಚಿತ್ತು. ಭಾವ ಇಳಿಯದೆ, ಅದನ್ನು ಬಚ್ಚಿಡುವ ಶ್ರಮವೊಂದು ಮೇಲೆ ಬಿದ್ದಿತ್ತು. ಬೈಂದೂರು ಸೀಮೆಯ ಕೊಲ್ಲೂರಿನ ಸ್ಥಳಪುರಾಣವನ್ನು ಇಲ್ಲಿ ನೆನೆಯಬಹುದು. ತಪಸ್ಸು ಮಾಡಿದ ಅಸುರನು ವರ ಕೇಳದಿರಲೆಂದು ಅವನ ಮಾತನ್ನೇ ಕಸಿದುಕೊಳ್ಳಲಾಯಿತು, ಅವನು ಮೂಕಾಸುರನಾದನು. ಮೂಕನಾದ ಮೇಲೆ ಅವನು ಸಾಧುವಾದನೆಂದು ಕಥೆ ಹೇಳುವುದಿಲ್ಲ. ಅವನ ರೋಷ ಇಮ್ಮಡಿಯಾಗಿ, ಕೊನೆಗೆ ದೇವಿಯೇ ಅವನನ್ನು ಕೊಲ್ಲಬೇಕಾಯಿತು. ಮಾರಣಕಟ್ಟೆಯ ಹೆಸರೇ ಆ ವಧೆಯನ್ನು ನೆನಪಿಸುತ್ತದೆ. ಪುರಾಣ ಶರೀರಶಾಸ್ತ್ರವಲ್ಲ. ಆದರೂ ಮಾತು ಕಿತ್ತುಕೊಂಡರೆ ಕೋಪ ಹೋಗುವುದಿಲ್ಲವೆಂಬ ಲೋಕಾನುಭವ ಈ ಕಥೆಯನ್ನು ಕಟ್ಟಿದವರಿಗೆ ಇದ್ದಂತೆ ತೋರುತ್ತದೆ.

ಹಾಗಾದರೆ ಕಾರದೆ, ನುಂಗದೆ, ಮಾಡುವುದೇನು? ಮೊದಲು ಒಲೆಯ ಬೆಂಕಿಯನ್ನು ಇಳಿಸಬೇಕು. ‘ಉಸಿರು ಎಳೆದುಕೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ. ಏಕೆಂದು ಹೇಳುವವರು ಕಡಿಮೆ. ವಾಚಕರು ಈಗಲೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಮಣಿಕಟ್ಟಿನಲ್ಲಿ ನಾಡಿಯನ್ನು ಹಿಡಿದು, ಐದು ಎಣಿಸುವಷ್ಟು ಹೊತ್ತು ಉಸಿರನ್ನು ಒಳಗೆಳೆದು, ಐದಾರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿರಿ. ಎಳೆಯುವಾಗ ಬಡಿತಗಳು ಹತ್ತಿರ ಹತ್ತಿರವಾಗುವುದೂ ಬಿಡುವಾಗ ದೂರ ದೂರವಾಗುವುದೂ ಬೆರಳಿಗೆ ತಿಳಿಯುತ್ತದೆ. ಹದಿಹರೆಯದವರಲ್ಲಿ ಈ ವ್ಯತ್ಯಾಸ ವಿಶೇಷವಾಗಿ ಸ್ಪಷ್ಟ. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ಎಂಬ ನರವು ಉಸಿರು ಬಿಡುವಾಗ ಹೆಚ್ಚು ಬಿಗಿಯಾಗಿ ಎಳೆಯುತ್ತದೆ. (ಹೆಸರನ್ನು ಕೇಳಿ ಮೋಸಹೋಗಬಾರದು, ಈ ‘ವೇಗಸ್’ ವೇಗವನ್ನು ಕುಗ್ಗಿಸತಕ್ಕದ್ದು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಅಲೆಮಾರಿಯೆಂದು ಅರ್ಥ.) 1921ರಲ್ಲಿ ಆಟೋ ಲೋವಿ ಎಂಬವನು ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯದೊಳಗಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದನು. ನರವೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು! ಕೋಪಕ್ಕೆ ರಸವಿದ್ದಂತೆ ಸಮಾಧಾನಕ್ಕೂ ರಸವಿದೆಯೆಂಬುದು ಹೀಗೆ ಸಿದ್ಧವಾಯಿತು; 1936ರಲ್ಲಿ ಲೋವಿಗೆ ನೊಬೆಲ್ ಬಹುಮಾನದ ಒಂದು ಪಾಲು ದೊರೆಯಿತು. ಆದ್ದರಿಂದ ಉಸಿರನ್ನು ಎಳೆಯುವುದಕ್ಕಿಂತ ನಿಧಾನವಾಗಿ ಬಿಡುವುದೇ ಮುಖ್ಯ.

ಎರಡನೆಯದು, ಕೋಪಕ್ಕೆ ಹೆಸರಿಡುವುದು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಗ್ರವಾದ ಮುಖದ ಚಿತ್ರವನ್ನು ಸುಮ್ಮನೆ ನೋಡುವಾಗ ಅಮಿಗ್ಡಲದಲ್ಲಿ ಕಂಡ ಚಟುವಟಿಕೆಯು ಆ ಭಾವಕ್ಕೆ ತಕ್ಕ ಶಬ್ದವನ್ನು ಆರಿಸುವಾಗ ಕಡಿಮೆಯಾಯಿತು; ಮಿದುಳಿನ ಮುಂಭಾಗದಲ್ಲಿ ಹೆಚ್ಚಿತು. ‘ನನಗೆ ಸಿಟ್ಟು ಬಂದಿದೆ’ ಎಂಬುದಕ್ಕಿಂತ ‘ನಾಲ್ಕು ಜನರೆದುರು ನಕ್ಕರೆಂದು ನನಗೆ ಅವಮಾನವಾಗಿದೆ’ ಎಂಬುದು ಉತ್ತಮ ವಾಕ್ಯ. ಅಸೂಯೆ, ಭಯ, ನಾಚಿಕೆ, ದುಃಖ ಇವು ಕೋಪದ ವೇಷ ಕಟ್ಟಿ ಬರುವುದು ಬಹಳ. ಪ್ರವೇಶಕ್ಕೆ ಮೊದಲು ವೇಷಧಾರಿ ಯಾರೆಂದು ಕೇಳಿಕೊಳ್ಳಬೇಕು. ಬರೆಯುವುದರಿಂದಲೂ ಫಲವುಂಟು. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದ ಕವಾಯಿ ಮತ್ತು ಕನಾಯ ಎಂಬವರು 2024ರಲ್ಲಿ ತಿಳಿಸಿದಂತೆ, ಅವಮಾನಿತರಾದವರು ತಮ್ಮ ಅನಿಸಿಕೆಯನ್ನು ಕಾಗದದಲ್ಲಿ ಬರೆದು ಅದನ್ನು ಕಸದ ಬುಟ್ಟಿಗೆ ಹಾಕಿದಾಗ ಕೋಪವು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಇಳಿಯಿತು. ಅದೇ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡವರಲ್ಲಿ ಅಷ್ಟು ಇಳಿಯಲಿಲ್ಲ.

ಎಲ್ಲ ಕಾಗದವನ್ನೂ ಬುಟ್ಟಿಗೆ ಹಾಕಬೇಕೆಂದು ಮಾತ್ರ ನಾನು ಹೇಳಲಾರೆ. ‘ಶಾಂತನಾಗು’ ಎಂಬ ಉಪದೇಶವು ಲೋಕದಲ್ಲಿ ಬಹುಶಃ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ: ಯಜಮಾನನಿಂದ ಆಳಿಗೆ, ಗಂಡನಿಂದ ಹೆಂಡತಿಗೆ, ಅಧಿಕಾರಿಯಿಂದ ಅರ್ಜಿದಾರನಿಗೆ. ಅದೇ ಸಿಟ್ಟು ಗಂಡಸಿಗೆ ಬಂದರೆ ಪೌರುಷ, ಹೆಂಗಸಿಗೆ ಬಂದರೆ ಬಜಾರಿತನ. ಕೋಪವು ನೋವಿನಂತೆ ಒಂದು ಸೂಚನೆಯೂ ಹೌದು. ಎಲ್ಲಿಯೋ ಅನ್ಯಾಯವಾಗಿದೆಯೆಂದು ಅದು ಹೇಳುತ್ತಿರುತ್ತದೆ. ಸೂಚನೆ ಕೆಲವೊಮ್ಮೆ ತಪ್ಪಿರಬಹುದು. ಸರಿಯಾಗಿದ್ದರೆ ಕೈ ಅಲ್ಲಾಡದಿರುವ ಹೊತ್ತಿನಲ್ಲಿ ಕಾಗದವನ್ನು ಬರೆದು ಅಂಚೆಗೆ ಹಾಕಬೇಕು. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಗಾಂಧಿಯವರನ್ನು ರೈಲಿನಿಂದ ಹೊರಹಾಕಿದಾಗ ಅವರು ಚಳಿಯಲ್ಲಿ ರಾತ್ರಿಯೆಲ್ಲ ಕುಳಿತು ಯೋಚಿಸಿ, ಬೆಳಗಾದ ಮೇಲೆ ಮಾಡಿದ ಮೊದಲ ಕೆಲಸ ರೈಲ್ವೆಯ ಮುಖ್ಯಾಧಿಕಾರಿಗೆ ಉದ್ದವಾದ ಒಂದು ತಂತಿ ಕಳುಹಿಸಿದ್ದು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ಕುಣಿತ, ಬಣ್ಣಗಳನ್ನು ಶೋಧಿಸಿದವರು. ವಿಜ್ಞಾನವನ್ನು ಕನ್ನಡದಲ್ಲಿ ಬರೆದ ನಮ್ಮೆಲ್ಲರಿಗೂ ಹಿರಿಯರು. 1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅವರು ಕಿರುಚಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ತಮಗೆ ದೊರೆತಿದ್ದ ಪದ್ಮಭೂಷಣವನ್ನು ಸರ್ಕಾರಕ್ಕೆ ಹಿಂತಿರುಗಿಸಿದರು. ಕೈಗಾದಲ್ಲಿ ಅಣುಶಕ್ತಿ ಸ್ಥಾವರ ಬರುವುದನ್ನು ವಿರೋಧಿಸಿ, ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ, ಸ್ಥಾವರವೂ ಬಂತು. ಅಣುಶಕ್ತಿಯನ್ನು ಕುರಿತು ಈ ಲೇಖಕನ ಅಭಿಪ್ರಾಯ ಕಾರಂತರದಕ್ಕಿಂತ ಬೇರೆಯೇ ಆದರೂ, ತನ್ನ ಕೋಪ ಯಾರ ಮೇಲೆ, ಯಾವ ಕಾರಣಕ್ಕೆ, ಅದರಿಂದ ಏನಾಗಬೇಕು ಎಂಬ ಮೂರನ್ನೂ ನಾಲ್ಕು ಸಾಲಿನಲ್ಲಿ ಹೇಳಬಲ್ಲ ಮನುಷ್ಯನೊಡನೆ ವಾದಿಸಬಹುದು. ಪಾತ್ರೆ ಒಡೆಯುವವನೊಡನೆ ಸಾಧ್ಯವಿಲ್ಲ.

ಕೆಲವರಿಗೆ ಇದಾವುದೂ ಸಾಲುವುದಿಲ್ಲ. ಸಣ್ಣ ಕಾರಣಕ್ಕೆ ಮತ್ತೆ ಮತ್ತೆ ಕೈ ಎತ್ತುವಂತಾದರೆ, ಅಥವಾ ಕೋಪವು ತನ್ನ ಮೇಲೆಯೇ ತಿರುಗಿ ಬದುಕು ಬೇಡವೆನ್ನಿಸಿದರೆ, ಅದು ವೈದ್ಯರ ಬಳಿಗೆ ಒಯ್ಯತಕ್ಕ ವಿಷಯ. ಜ್ವರವನ್ನು ಒಯ್ಯುವುದಕ್ಕಿಂತ ಹೆಚ್ಚಿನ ಸಂಕೋಚ ಬೇಕಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ-ಮಾನಸ್’ ಸೇವೆಯ ದೂರವಾಣಿ ಸಂಖ್ಯೆ 14416. ಹಗಲೂ ರಾತ್ರಿಯೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.